ನಿಮಗಿದು ಗೊತ್ತೆ? ತಲೆ ಬದಲಿಸುವ ಅವತಾರಗಳು

ವಿಡಿಯೊ ಗೇಮ್‌ನಲ್ಲಿ ನಮ್ಮ ಪರವಾಗಿ ಓಡಾಡುವ ಗೊಂಬೆಯನ್ನು ‘ಅವತಾರ್’ ಎನ್ನುತ್ತಾರಲ್ಲ, ಅದು ನಮ್ಮ ದಶಾವತಾರದ ಅವತಾರವೇ! 1985ರಲ್ಲಿ ರಿಚರ್ಡ್ ಗ್ಯಾರಿಯಟ್ ರೂಪಿಸಿದ ‘ಅಲ್ಟಿಮಾ 4’ರಲ್ಲಿ ಎಂಟು ಸದ್ಗುಣಗಳನ್ನು ಸಾಧಿಸಿ ‘ಅವತಾರ್’ ಆಗುವುದೇ ಆಟಗಾರನ ಗುರಿ. ಮರುವರ್ಷ ಲ್ಯೂಕಾಸ್‌ಫಿಲ್ಮ್ ಗೇಮ್ಸ್‌ನ ‘ಹ್ಯಾಬಿಟ್ಯಾಟ್’ ಬಂತು. ಕಮೊಡೋರ್ 64 ಕಂಪ್ಯೂಟರ್‌ಗಳನ್ನು ಫೋನ್ ಲೈನಿನಲ್ಲಿ ಬೆಸೆದಿದ್ದ ಆ ಲೋಕದಲ್ಲಿ ನಮ್ಮ ಅವತಾರ್‌ನ ಮೈಬಣ್ಣ ಬದಲಿಸಬಹುದಿತ್ತು. ತಲೆಯನ್ನೇ ಕಳಚಿಟ್ಟು, ಬೇರೊಂದನ್ನು ಕೊಂಡು ತೊಡಬಹುದಿತ್ತು. (ಗಣಪನ ಕಥೆ ಕೇಳಿ ಬೆಳೆದವರಿಗೆ ಇದೇನು ಮಹಾ ಎನ್ನಿಸೀತು.)

ನನಗೆ ಅಚ್ಚುಮೆಚ್ಚು ಮಾತ್ರ 2006ರಲ್ಲಿ ನಿಂಟೆಂಡೊದ ‘ವೀ’ ಗೇಮ್ ಯಂತ್ರದ ಜೊತೆ ಬಂದ ‘ಮೀ’ ಎಂಬ ಅವತಾರಗಳು. ಜಪಾನಿನ ‘ಕೊಕೆಶಿ’ ಮರದ ಗೊಂಬೆಗಳು ಇವಕ್ಕೆ ಪ್ರೇರಣೆ: ಕೈಕಾಲಿಲ್ಲದ ಉರುಟು ಮೈ, ನಾಲ್ಕೇ ಗೆರೆಯ ಮುಖ. ಹುಬ್ಬನ್ನು ತುಸು ಮೇಲೆತ್ತಿ, ಮೂಗನ್ನು ಹಿಗ್ಗಿಸಿ, ಕನ್ನಡಕವೊಂದನ್ನು ಏರಿಸಿದರೆ ಸಾಕು, ಸಾಕ್ಷಾತ್ ಸೋದರಮಾವನೇ ಟೆನಿಸ್ ಅಂಗಳಕ್ಕಿಳಿಯುತ್ತಾನೆ! ‘ವೀ ಸ್ಪೋರ್ಟ್ಸ್’ನ ಟೆನಿಸ್‌ನಲ್ಲಿ ಮೀಗಳಿಗೆ ತೋಳೇ ಇಲ್ಲ, ಗುಂಡನೆಯ ಮುಷ್ಟಿಯೊಂದು ರ‍್ಯಾಕೆಟ್ ಹಿಡಿದು ಗಾಳಿಯಲ್ಲಿ ತೇಲುತ್ತದೆ. ಆಡುವಾಗ ಅದು ಗಮನಕ್ಕೇ ಬರುವುದಿಲ್ಲ ಅನ್ನುವುದು ಸೋಜಿಗ. ಇಂದಿನ ಗೇಮ್‌ಗಳಲ್ಲಿ ಕೂದಲೆಳೆಯನ್ನೂ ತಿದ್ದಬಹುದು, ನಿಜ; ಆದರೆ ಮೀ ರೂಪದ ಮಾವನನ್ನು ಕಂಡಾಗ ಉಕ್ಕುವ ನಗು ಅಲ್ಲಿ ಹುಟ್ಟುವುದಿಲ್ಲ.

ಒಂದು ವೀಯಲ್ಲಿ 100 ಮೀಗಳಿಗೆ ಜಾಗವಿತ್ತು. ರಿಮೋಟ್‌ನಲ್ಲೇ 10 ಮೀಗಳನ್ನು ತುಂಬಿಕೊಂಡು ಹೋಗಿ ಗೆಳೆಯರ ಮನೆಯ ವೀಯಲ್ಲಿ ಆಡಿಸಬಹುದಿತ್ತು.