ಒಂದು ದ್ವೀಪ, ಎರಡು ವೀಸಾ

ಯೂರೋಪಿನ ಪಶ್ಚಿಮದ ಅಂಚಿನಲ್ಲಿರುವ ಐರ್ಲೆಂಡ್ ಭೂಗೋಳದ ಲೆಕ್ಕದಲ್ಲಿ ಒಂದೇ ದ್ವೀಪವಾದರೂ ಕಾನೂನಿನ ಲೆಕ್ಕದಲ್ಲಿ ಎರಡು. 1921ರ ವಿಭಜನೆಯ ಬಳಿಕ ದ್ವೀಪದ ಬಹುಭಾಗ ಸ್ವತಂತ್ರ ಐರ್ಲೆಂಡ್ ಗಣರಾಜ್ಯವಾಗಿ ಬೆಳೆಯಿತು. ಈಶಾನ್ಯದ ಆರು ಕೌಂಟಿಗಳು ಉತ್ತರ ಐರ್ಲೆಂಡ್ ಎಂಬ ಹೆಸರಿನಲ್ಲಿ ಬ್ರಿಟನ್ನಿನ ಭಾಗವಾಗಿಯೇ ಉಳಿದುಕೊಂಡವು. ಡಬ್ಲಿನ್ನಿನ ಟ್ರಿನಿಟಿ ಕಾಲೇಜು, ಯೂನಿವರ್ಸಿಟಿ ಕಾಲೇಜ್ ಡಬ್ಲಿನ್, ಕಾರ್ಕ್, ಗಾಲ್ವೇ ಮತ್ತು ಲಿಮೆರಿಕ್ ನಗರಗಳ ವಿಶ್ವವಿದ್ಯಾಲಯಗಳು ಗಣರಾಜ್ಯದಲ್ಲಿವೆ. ಕ್ವೀನ್ಸ್ ಮತ್ತು ಅಲ್ಸ್ಟರ್ ವಿಶ್ವವಿದ್ಯಾಲಯಗಳು ಉತ್ತರದಲ್ಲಿವೆ. ಹೀಗಾಗಿ ಐರ್ಲೆಂಡಿಗೆ ಓದಲು ಹೋಗಬೇಕೆನ್ನುವ ವಿದ್ಯಾರ್ಥಿ ಮೊದಲು ಇತ್ಯರ್ಥ ಮಾಡಿಕೊಳ್ಳಬೇಕಾದದ್ದು ಯಾವ ಕೋರ್ಸು ಎಂಬುದನ್ನಷ್ಟೇ ಅಲ್ಲ, ಆ ಕೋರ್ಸು ಗಡಿಯ ಯಾವ ಮಗ್ಗುಲಲ್ಲಿದೆ ಎಂಬುದನ್ನು ಸಹ. ಏಕೆಂದರೆ ಎರಡೂ ಕಡೆಯ ವೀಸಾ, ಶುಲ್ಕ, ದಾಖಲೆ, ಓದು ಮುಗಿದ ಮೇಲಿನ ಅವಕಾಶ ಎಲ್ಲವೂ ಬೇರೆಬೇರೆ.

ಇದರ ಜೊತೆಗೆ ಇನ್ನೊಂದು ಗೊಂದಲವೂ ಆಗಾಗ ಕಾಣಿಸಿಕೊಳ್ಳುತ್ತದೆ. ಐರ್ಲೆಂಡ್ 1973ರಿಂದ ಯೂರೋಪಿಯನ್ ಒಕ್ಕೂಟದ ಸದಸ್ಯ ದೇಶ, ಅಲ್ಲಿನ ಹಣ ಯೂರೋ. ಆದರೆ ಒಂದೇ ವೀಸಾದಲ್ಲಿ ಯೂರೋಪಿನ ಹಲವು ದೇಶಗಳನ್ನು ಸುತ್ತಲು ಅನುವು ಮಾಡಿಕೊಡುವ ಷೆಂಗೆನ್ ವ್ಯವಸ್ಥೆಗೆ ಅದು ಸೇರಿಲ್ಲ. ಡಬ್ಲಿನ್ನಿನಲ್ಲಿ ಓದುವ ಭಾರತೀಯ ವಿದ್ಯಾರ್ಥಿ ರಜೆಯಲ್ಲಿ ಪ್ಯಾರಿಸ್ ನೋಡಬೇಕೆಂದರೆ ಷೆಂಗೆನ್ ವೀಸಾಕ್ಕೆ ಪ್ರತ್ಯೇಕವಾಗಿ ಅರ್ಜಿ ಹಾಕಲೇಬೇಕು. ಐರ್ಲೆಂಡ್ ಷೆಂಗೆನ್‌ನಿಂದ ಹೊರಗುಳಿಯಲು ಮುಖ್ಯ ಕಾರಣವೂ ಆ ಗಡಿಯೇ: ಬ್ರಿಟನ್ ಮತ್ತು ಐರ್ಲೆಂಡುಗಳ ಪ್ರಜೆಗಳು ಪರಸ್ಪರರ ನೆಲದಲ್ಲಿ ತಡೆಯಿಲ್ಲದೆ ಓಡಾಡಲು, ನೆಲೆಸಲು ಅವಕಾಶ ಕೊಡುವ, 1920ರ ದಶಕದಿಂದ ನಡೆದುಬಂದ ‘ಸಾಮಾನ್ಯ ಪ್ರಯಾಣ ವಲಯ’ ಎಂಬ ಏರ್ಪಾಡನ್ನು ಉಳಿಸಿಕೊಳ್ಳುವುದು ಡಬ್ಲಿನ್ನಿಗೆ ಹೆಚ್ಚು ಮುಖ್ಯವಾಯಿತು.

ಗಣರಾಜ್ಯದಲ್ಲಿ ಮೂರು ತಿಂಗಳಿಗಿಂತ ಹೆಚ್ಚು ಕಾಲ ಓದುವವರು ಪಡೆಯಬೇಕಾದದ್ದು ‘ಡಿ’ ವರ್ಗದ, ಅಂದರೆ ದೀರ್ಘಾವಧಿಯ ವೀಸಾ. ಆನ್‌ಲೈನ್‌ನಲ್ಲಿ ಅರ್ಜಿ ತುಂಬಿ, ಅದರ ಸಾರಾಂಶದ ಪ್ರತಿಯನ್ನು ಮುದ್ರಿಸಿ ಸಹಿ ಹಾಕಿ, ಪಾಸ್‌ಪೋರ್ಟ್ ಮತ್ತು ದಾಖಲೆಗಳೊಂದಿಗೆ ಬೆಂಗಳೂರು ಸೇರಿದಂತೆ ಹಲವು ನಗರಗಳಲ್ಲಿರುವ ಅರ್ಜಿ ಸ್ವೀಕಾರ ಕೇಂದ್ರಕ್ಕೆ ಸಲ್ಲಿಸಬೇಕು. ಈ ಕೇಂದ್ರದ ಸಿಬ್ಬಂದಿಗೆ ಕಾಗದಗಳನ್ನು ಪಡೆದು ಕಳುಹಿಸುವುದಷ್ಟೇ ಕೆಲಸ. ತೀರ್ಮಾನ ಐರಿಷ್ ವೀಸಾ ಅಧಿಕಾರಿಗಳದ್ದು. ಪ್ರಯಾಣದ ದಿನಕ್ಕೆ ಮೂರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ತರಗತಿಗಳು ಸೆಪ್ಟೆಂಬರಿನಲ್ಲಿ ಆರಂಭವಾಗುವುದರಿಂದ ಜೂನ್, ಜುಲೈ ತಿಂಗಳುಗಳಲ್ಲಿ ನೂಕುನುಗ್ಗಲು ಸಹಜ, ಆಗಸ್ಟಿನಲ್ಲಿ ಸಲ್ಲಿಸಿದವರಿಗೆ ಆತಂಕವೂ ಅಷ್ಟೇ ಸಹಜ.

ಅರ್ಜಿಯ ಮೊದಲ ಆಧಾರ ವಿದ್ಯಾಸಂಸ್ಥೆಯ ಪ್ರವೇಶ ಪತ್ರ. ಪತ್ರ ಕೊಟ್ಟ ಸಂಸ್ಥೆ ಮತ್ತು ಕೋರ್ಸು ಎರಡೂ ಐರಿಷ್ ಸರ್ಕಾರದ ಮಾನ್ಯತೆಯ ವ್ಯಾಪ್ತಿಯಲ್ಲಿರಬೇಕು. 2014–15ರ ಸುಮಾರಿಗೆ ಡಬ್ಲಿನ್ನಿನ ಹಲವು ಖಾಸಗಿ ಕಾಲೇಜುಗಳು ಏಕಾಏಕಿ ಬಾಗಿಲು ಮುಚ್ಚಿ, ಹೊರದೇಶದ ವಿದ್ಯಾರ್ಥಿಗಳು ಶುಲ್ಕವನ್ನೂ ತರಗತಿಯನ್ನೂ ಕಳೆದುಕೊಂಡು ಬೀದಿಗೆ ಬಿದ್ದ ಮೇಲೆ ಈ ನಿಯಮ ಬಿಗಿಯಾಯಿತು. ಶುಲ್ಕದ ವಿಷಯದಲ್ಲೂ ಒಂದು ಕನಿಷ್ಠ ಮಿತಿಯಿದೆ: ಮೊದಲ ವರ್ಷದ ಶುಲ್ಕ 6,000 ಯೂರೋಗಿಂತ ಕಡಿಮೆಯಿದ್ದರೆ ಪೂರ್ತಿಯಾಗಿ, ಹೆಚ್ಚಿದ್ದರೆ ಕಡೇಪಕ್ಷ 6,000 ಯೂರೋವನ್ನು ಅರ್ಜಿಗೆ ಮೊದಲೇ ಕಟ್ಟಿರಬೇಕು. ವೀಸಾ ಸಿಗದಿದ್ದರೆ ಈ ಹಣ ಮರಳುವ ಬಗೆ ಹೇಗೆ ಎಂಬುದನ್ನು ಕಾಲೇಜಿನ ನಿಯಮಾವಳಿಯಲ್ಲಿ ಮೊದಲೇ ಓದಿಕೊಳ್ಳುವುದು ಒಳ್ಳೆಯದು; ಬಹಳ ಮಂದಿ ಅದನ್ನು ಓದುವುದು ಹಣ ಕಟ್ಟಿದ ಮೇಲೆ. ಖಾಸಗಿ ವೈದ್ಯಕೀಯ ವಿಮೆ, ಇಂಗ್ಲಿಷ್ ಪರೀಕ್ಷೆಯ ಅಂಕಪಟ್ಟಿ ಇವೂ ಬೇಕು.

ನಿಜವಾದ ತೊಡಕು ಇರುವುದು ಹಣದ ದಾಖಲೆಯಲ್ಲಿ. ಶುಲ್ಕವಲ್ಲದೆ, ಮೊದಲ ವರ್ಷದ ವಾಸದ ಖರ್ಚಿಗೆ 10,000 ಯೂರೋ ಕೈಗೆ ಸಿಗುವಂತಿದೆ ಎಂದು ವಿದ್ಯಾರ್ಥಿ ತೋರಿಸಬೇಕು. ಮೊದಲು ಈ ಮೊತ್ತ 7,000 ಯೂರೋ ಇತ್ತು. ಎರಡು ಮೂರು ವರ್ಷಗಳ ಕೋರ್ಸಾದರೆ ಮುಂದಿನ ವರ್ಷಗಳಿಗೂ ಇಷ್ಟೇ ಹಣವನ್ನು ಒದಗಿಸುವ ಶಕ್ತಿ ಪ್ರಾಯೋಜಕರಿಗೆ, ಅಂದರೆ ಖರ್ಚು ಹೊರುವ ತಂದೆ ತಾಯಿಗೋ ಬಂಧುವಿಗೋ, ಇದೆಯೆಂದು ಸಾಬೀತುಪಡಿಸಬೇಕು. ಇದಕ್ಕಾಗಿ ಅರ್ಜಿಯ ಹಿಂದಿನ ಆರು ತಿಂಗಳ ಬ್ಯಾಂಕ್ ವಿವರಪಟ್ಟಿಯನ್ನು ಕೇಳುತ್ತಾರೆ. ಅಧಿಕಾರಿ ನೋಡುವುದು ಪಟ್ಟಿಯ ಕೊನೆಯ ಸಾಲಿನ ಮೊತ್ತವನ್ನಲ್ಲ, ಆ ಮೊತ್ತ ಅಲ್ಲಿಗೆ ಬಂದ ದಾರಿಯನ್ನು. ಐದು ತಿಂಗಳು ಮೂವತ್ತು ನಲವತ್ತು ಸಾವಿರದ ಆಸುಪಾಸಿನಲ್ಲಿ ಓಡಾಡಿದ ಖಾತೆಗೆ ಅರ್ಜಿಗೆ ಎರಡು ವಾರ ಮೊದಲು ಹನ್ನೆರಡು ಲಕ್ಷ ಬಂದು ಕೂತರೆ, ಅದು ಬಂಧುಗಳಿಂದ ಕೈಬದಲಾಗಿ ತಂದು ತೋರಿಸಿದ ಹಣವೆಂಬ ಅನುಮಾನ ಏಳುವುದು ಖಂಡಿತ.

ಕರ್ನಾಟಕದ ಕೃಷಿಕ ಕುಟುಂಬಗಳಿಗೆ ಈ ನಿಯಮ ವಿಶೇಷವಾಗಿ ಇಕ್ಕಟ್ಟಿನದು. ಮಲೆನಾಡಿನ ಅಡಿಕೆ ಬೆಳೆಗಾರರ ಖಾತೆಗೆ ತಿಂಗಳ ಸಂಬಳದಂತೆ ಹಣ ಬರುವುದಿಲ್ಲ. ಮಾರಾಟದ ಕಾಲದಲ್ಲಿ ಒಮ್ಮೆಗೇ ಬರುತ್ತದೆ, ಉಳಿದ ತಿಂಗಳುಗಳಲ್ಲಿ ಕರಗುತ್ತದೆ. ಕೃಷಿ ಆದಾಯಕ್ಕೆ ಭಾರತದಲ್ಲಿ ಕೇಂದ್ರದ ಆದಾಯ ತೆರಿಗೆ ಇಲ್ಲದ ಕಾರಣ ತೆರಿಗೆ ವಿವರಣಾ ಪತ್ರವೂ ಎಷ್ಟೋ ಮನೆಗಳಲ್ಲಿ ಇರುವುದಿಲ್ಲ. ಪ್ರಾಮಾಣಿಕವಾಗಿಯೇ ಬಂದ ಹಣ ದೂರದ ಅಧಿಕಾರಿಯ ಕಣ್ಣಿಗೆ ಸಂಶಯಾಸ್ಪದವಾಗಿ ಕಾಣುವುದು ಹೀಗೆ. ಇಂಥ ಕಡೆ ಪಹಣಿ, ಮಾಮ್ಕೋಸ್ ಅಥವಾ ಕ್ಯಾಂಪ್ಕೊದಂಥ ಸಹಕಾರಿ ಸಂಸ್ಥೆಗಳ ಮಾರಾಟ ರಸೀದಿ, ನಿವೇಶನ ಮಾರಿದ್ದರೆ ಕ್ರಯಪತ್ರ, ಒಡವೆ ಸಾಲ ತೆಗೆದಿದ್ದರೆ ಸಾಲದ ಖಾತೆಯ ಪ್ರತಿ ಇವನ್ನು ಆಯಾ ಜಮೆಯ ಎದುರಿಗೆ ಒಂದೊಂದಾಗಿ ಹೊಂದಿಸಿ, ಒಂದು ಪುಟದ ವಿವರಣೆಯೊಂದಿಗೆ ಲಗತ್ತಿಸಬೇಕಾಗುತ್ತದೆ. ಪಹಣಿಯೂ ಕ್ರಯಪತ್ರವೂ ಕನ್ನಡದಲ್ಲಿರುವುದರಿಂದ ಅವುಗಳ ದೃಢೀಕೃತ ಇಂಗ್ಲಿಷ್ ಅನುವಾದ ಕಡ್ಡಾಯ. ಶೈಕ್ಷಣಿಕ ಸಾಲ ಪಡೆದವರ ದಾರಿ ಇದಕ್ಕಿಂತ ಸಲೀಸು, ಬ್ಯಾಂಕಿನ ಮಂಜೂರಾತಿ ಪತ್ರವೇ ಬಹುಪಾಲು ಮಾತಾಡಿಬಿಡುತ್ತದೆ.

ಹೆಸರಿನ ಸಮಸ್ಯೆಯೂ ಇಲ್ಲಿಯದೇ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ. ಎಸ್.’ ಎಂದಿರುವವರು ಪಾಸ್‌ಪೋರ್ಟಿನಲ್ಲಿ ಊರಿನ ಹೆಸರನ್ನೂ ತಂದೆಯ ಹೆಸರನ್ನೂ ಬಿಡಿಸಿ ಬರೆಸಿರುತ್ತಾರೆ. ತಂದೆಯ ಬ್ಯಾಂಕ್ ಖಾತೆಯಲ್ಲಿ ‘ಶಿವಣ್ಣ’ ಎಂದಿದ್ದರೆ ಪಹಣಿಯಲ್ಲಿ ‘ಶಿವಣ್ಣಗೌಡ’ ಎಂದಿರುತ್ತದೆ. ಇನಿಷಿಯಲ್ ಪದ್ಧತಿಯ ಪರಿಚಯವಿಲ್ಲದ ಅಧಿಕಾರಿಗೆ ಇವರು ಇಬ್ಬರೋ ಮೂವರೋ ಬೇರೆಬೇರೆ ವ್ಯಕ್ತಿಗಳು. ಎಲ್ಲ ಹೆಸರುಗಳೂ ಒಬ್ಬರವೇ ಎಂದು ನೋಟರಿಯ ಮುಂದೆ ಮಾಡಿಸಿದ ಪ್ರಮಾಣಪತ್ರ ಚಿಕ್ಕ ಕಾಗದವಾದರೂ ಕಡತದ ಕೊಂಡಿ ಕಳಚದಂತೆ ಹಿಡಿದಿಡುತ್ತದೆ.

ಸಾಮಾನ್ಯವಾಗಿ ಸಂದರ್ಶನವಿಲ್ಲದೆ ಕಾಗದದ ಮೇಲೆಯೇ ತೀರ್ಮಾನವಾಗುವುದರಿಂದ ಅರ್ಜಿದಾರರ ಸ್ವಂತ ಪತ್ರಕ್ಕೆ ಬೆಲೆ ಹೆಚ್ಚು. ಈ ಕೋರ್ಸೇ ಏಕೆ, ಹಿಂದಿನ ಓದಿಗೂ ಕೆಲಸಕ್ಕೂ ಇದರ ಸಂಬಂಧವೇನು, ನಡುವೆ ಓದು ನಿಂತ ವರ್ಷಗಳಲ್ಲಿ ಏನು ಮಾಡಿದ್ದು, ಅನುಮತಿಯ ಅವಧಿ ಮುಗಿದ ಮೇಲೆ ಸ್ವದೇಶಕ್ಕೆ ಮರಳುವ ಉದ್ದೇಶವೇನು ಎಂಬುದಕ್ಕೆ ಅದರಲ್ಲಿ ಉತ್ತರವಿರಬೇಕು. ಏಜೆಂಟರು ಬರೆದುಕೊಡುವ, ಐರ್ಲೆಂಡಿನ ಹಸಿರು ಸಿರಿಯನ್ನೂ ಜಾಗತಿಕ ಶಿಕ್ಷಣದ ಗುಣಮಟ್ಟವನ್ನೂ ಕೊಂಡಾಡುವ ಅಚ್ಚಿನ ಪತ್ರಗಳು ಈ ಯಾವ ಪ್ರಶ್ನೆಗೂ ಉತ್ತರಿಸುವುದಿಲ್ಲ. ಎರಡು ವರ್ಷ ಅಂಗಡಿ ನೋಡಿಕೊಂಡಿದ್ದೆ ಎಂಬ ನೇರ ಸಾಲು ಅವಕ್ಕಿಂತ ಎಷ್ಟೋ ಮೇಲು.

ಅರ್ಜಿ ತಿರಸ್ಕೃತವಾದರೆ ಕಾರಣಗಳನ್ನು ತಿಳಿಸುವ ಪತ್ರ ಬರುತ್ತದೆ. ಹಣದ ಪುರಾವೆ ಸಾಲದು, ದಾಖಲೆ ಅಪೂರ್ಣ, ಹೇಳಿಕೆಗಳಲ್ಲಿ ವಿರೋಧವಿದೆ ಎಂಬವು ಅದರಲ್ಲಿ ಆಗಾಗ ಕಾಣುವ ಮಾತುಗಳು. ಪತ್ರದ ದಿನಾಂಕದಿಂದ ಎರಡು ತಿಂಗಳೊಳಗೆ ಲಿಖಿತ ಮೇಲ್ಮನವಿ ಸಲ್ಲಿಸಬಹುದು, ಅದಕ್ಕೆ ಶುಲ್ಕವಿಲ್ಲ. ಆದರೆ ಒಂದು ಅರ್ಜಿಗೆ ಒಂದೇ ಮೇಲ್ಮನವಿ. ಸುಳ್ಳು ದಾಖಲೆ ಕೊಟ್ಟದ್ದು ಕಂಡುಬಂದರೆ ಮೇಲ್ಮನವಿಯ ಹಕ್ಕೂ ಹೋಗಬಹುದು, ಐದು ವರ್ಷಗಳವರೆಗೆ ಐರಿಷ್ ವೀಸಾದ ಬಾಗಿಲೂ ಮುಚ್ಚಬಹುದು.

ವೀಸಾ ಎಂಬುದು ದೇಶದ ಬಾಗಿಲವರೆಗೆ ಬರಲು ಸಿಗುವ ಅನುಮತಿ ಮಾತ್ರ. ವಿಮಾನ ನಿಲ್ದಾಣದಲ್ಲಿ ವಲಸೆ ಅಧಿಕಾರಿ ಕಾಗದಗಳನ್ನು ಮತ್ತೊಮ್ಮೆ ನೋಡಿ ಒಳಬಿಟ್ಟ ಬಳಿಕ, ನಿಗದಿತ ಅವಧಿಯಲ್ಲಿ ಹೆಸರು ನೋಂದಾಯಿಸಿ, 300 ಯೂರೋ ತೆತ್ತು ಐರಿಷ್ ನಿವಾಸ ಕಾರ್ಡನ್ನು ಪಡೆಯಬೇಕು. ಪದವಿ ಓದುವವರಿಗೆ ಸಿಗುವುದು ‘ಸ್ಟಾಂಪ್ 2’ ಎಂಬ ದರ್ಜೆ; ಅದರಡಿ ತರಗತಿಗಳು ನಡೆಯುವಾಗ ವಾರಕ್ಕೆ 20 ಗಂಟೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ಡಿಸೆಂಬರ್ 15ರಿಂದ ಜನವರಿ 15ರವರೆಗೂ ವಾರಕ್ಕೆ 40 ಗಂಟೆ ದುಡಿಯಬಹುದು. ಆ ದುಡಿಮೆ ಜೇಬುಖರ್ಚಿಗಾದೀತೇ ಹೊರತು, ಬಾಡಿಗೆಮನೆಯ ಕೊರತೆಗೆ ಹೆಸರಾದ ಡಬ್ಲಿನ್ನಿನಲ್ಲಿ ಅದನ್ನೇ ನಂಬಿ ಹೊರಡುವುದು ದುಡುಕು.

ಉತ್ತರದ ಬೆಲ್‌ಫಾಸ್ಟಿಗೆ ಹೋಗುವವರದು ಪೂರ್ತಿ ಬ್ರಿಟಿಷ್ ಪದ್ಧತಿ. ಅಲ್ಲಿನ ವಿಶ್ವವಿದ್ಯಾಲಯ ಪ್ರವೇಶವನ್ನು ದೃಢಪಡಿಸಿ ‘ಕ್ಯಾಸ್’ ಎಂಬ ಸಂಖ್ಯೆಯನ್ನು ಕೊಟ್ಟ ಮೇಲಷ್ಟೇ ಅರ್ಜಿ. ಉಳಿತಾಯದ ಹಣವನ್ನು ತೋರಿಸುವುದಾದರೆ ನಿಗದಿತ ಮೊತ್ತ ಸತತ 28 ದಿನ ಖಾತೆಯಲ್ಲಿ ನಿಂತಿರಬೇಕು, ನಡುವೆ ಒಂದು ದಿನ ಇಳಿದರೂ ಎಣಿಕೆ ಹೊಸದಾಗಿ ಆರಂಭ. ಭಾರತದಿಂದ ಆರು ತಿಂಗಳಿಗೂ ಹೆಚ್ಚು ಕಾಲಕ್ಕೆ ಹೋಗುವವರು ಮಾನ್ಯತೆ ಪಡೆದ ಕ್ಲಿನಿಕ್ಕಿನಲ್ಲಿ ಕ್ಷಯರೋಗದ ತಪಾಸಣೆ ಮಾಡಿಸಬೇಕು. ಸರ್ಕಾರಿ ಆರೋಗ್ಯ ಸೇವೆಗೆಂದು ವರ್ಷಕ್ಕೆ 776 ಪೌಂಡುಗಳನ್ನು ಮುಂಗಡವಾಗಿ ಕಟ್ಟಬೇಕು. ಪ್ರತಿಯಾಗಿ ಪ್ರತ್ಯೇಕ ವಿಮೆಯ ಗೋಜಿಲ್ಲ.

ಎರಡು ವ್ಯವಸ್ಥೆಗಳ ನಡುವೆ ಸುಮಾರು 500 ಕಿಲೋಮೀಟರ್ ಉದ್ದದ ಗಡಿಯಿದೆ, ಆದರೆ ರಸ್ತೆಯಲ್ಲಿ ಹೋಗುವವರಿಗೆ ಅದು ಕಾಣುವುದೇ ಇಲ್ಲ. ವೇಗದ ಮಿತಿ ಸೂಚಿಸುವ ಫಲಕ ಕಿಲೋಮೀಟರಿನಿಂದ ಮೈಲಿಗೆ ಬದಲಾಗುವುದೇ ಗುರುತು. ವಾಯವ್ಯದ ಡೊನೆಗಲ್ ಕೌಂಟಿಯ ಲೆಟರ್‌ಕೆನಿಯಲ್ಲಿ ಗಣರಾಜ್ಯದ ಅಟ್ಲಾಂಟಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಆವರಣವಿದೆ. ಅಲ್ಲಿಂದ ಸುಮಾರು 35 ಕಿಲೋಮೀಟರ್ ದೂರದ ಡೆರಿ ನಗರ ಬ್ರಿಟನ್ನಿನದು. ಡಬ್ಲಿನ್ನಿನಿಂದ ಲೆಟರ್‌ಕೆನಿಗೆ ಹೋಗುವ ನೇರ ಬಸ್ಸೇ ಓಮಾ, ಸ್ಟ್ರಬೇನ್ ಊರುಗಳ ಮೂಲಕ ಉತ್ತರ ಐರ್ಲೆಂಡನ್ನು ಹಾದುಹೋಗುತ್ತದೆ. ತಡೆಯುವ ಚೌಕಿ ಇಲ್ಲವೆಂದಮಾತ್ರಕ್ಕೆ ಭಾರತೀಯ ಪಾಸ್‌ಪೋರ್ಟಿನವರಿಗೆ ಪ್ರವೇಶದ ಹಕ್ಕಿದೆ ಎಂದಲ್ಲ. ಗಡಿ ದಾಟುವ ಮುನ್ನ ಬ್ರಿಟಿಷ್ ವೀಸಾ ಇರಬೇಕೆಂಬುದೇ ಕಾನೂನು. ಅಲ್ಪಾವಧಿಯ ಪ್ರವಾಸಿಗರಿಗೆ ಒಂದೇ ವೀಸಾದಲ್ಲಿ ಎರಡೂ ದೇಶಗಳನ್ನು ನೋಡಲು ಬಿಡುವ ಬ್ರಿಟಿಷ್–ಐರಿಷ್ ಯೋಜನೆ ಭಾರತೀಯರಿಗೆ 2015ರಿಂದ ಲಭ್ಯವಿದ್ದರೂ ದೀರ್ಘಾವಧಿಯ ವಿದ್ಯಾರ್ಥಿ ವೀಸಾ ಅದರೊಳಗೆ ಬರುವುದಿಲ್ಲ. ಐರ್ಲೆಂಡಿನ ಹಾದಿ ಹಿಡಿದವರಿಗೆ ಏಜೆಂಟರು ಬಹುಶಃ ಹೇಳದೆ ಬಿಡುವ ಸಂಗತಿಗಳಲ್ಲಿ ಇದು ಮುಖ್ಯವಾದದ್ದು.

ಓದು ಮುಗಿದ ಮೇಲೂ ಈ ಗೆರೆ ಮುಂದುವರಿಯುತ್ತದೆ. ದಕ್ಷಿಣದಲ್ಲಿ ಆನರ್ಸ್ ಪದವಿ ಪಡೆದವರಿಗೆ ಒಂದು ವರ್ಷ, ಸ್ನಾತಕೋತ್ತರ ಪದವೀಧರರಿಗೆ ಎರಡು ವರ್ಷದವರೆಗೆ ಉಳಿದು ಕೆಲಸ ಮಾಡಲು ‘ಸ್ಟಾಂಪ್ 1ಜಿ’ ಸಿಗುತ್ತದೆ. ಉತ್ತರದಲ್ಲಿ ಬ್ರಿಟನ್ನಿನ ಪದವೀಧರ ವೀಸಾದ ಎರಡು ವರ್ಷದ ಅವಧಿಯನ್ನು, 2027ರ ಜನವರಿ 1ರಿಂದ ಸಲ್ಲಿಸುವ ಅರ್ಜಿಗಳಿಗೆ, ಡಾಕ್ಟರೇಟ್ ಪಡೆದವರನ್ನು ಬಿಟ್ಟು ಉಳಿದವರಿಗೆ 18 ತಿಂಗಳಿಗೆ ಇಳಿಸಲು ತೀರ್ಮಾನವಾಗಿದೆ. ಸ್ಟಾಂಪ್ 1ಜಿ ಹಿಡಿದವರಿಗೆ ಬೆಲ್‌ಫಾಸ್ಟಿನ ಕಂಪನಿಯೊಂದು ಕೆಲಸ ಕೊಟ್ಟರೆ, ಡಬ್ಲಿನ್ನಿನಿಂದ ರೈಲಿನಲ್ಲಿ ಎರಡು ಗಂಟೆಯ ಆಸುಪಾಸಿನ ಆ ಊರಿಗಾಗಿ ಅವರು ಬ್ರಿಟಿಷ್ ಉದ್ಯೋಗ ವೀಸಾದ ಅರ್ಜಿಯನ್ನು ಹೊಸದಾಗಿ ತುಂಬಬೇಕಾಗುತ್ತದೆ.