ಗಣಕಯಂತ್ರದಲ್ಲಿ ಗುಂಪು ಕಟ್ಟುವ ಕ್ರಮ

ನಂಜನಗೂಡು ಸೀಮೆಯ ಹೆಡತಲೆಯಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇವಾಲಯವುಂಟು. ಅದರೊಡನೆ ಹೆಸರಾದುದು ಹದಿನಾರು ಮುಖದ ಚಾವಡಿ. ಆ ಊರನ್ನಾಳಿದ ಒಡೆಯನಿಗೆ ಹದಿನಾರು ಮಂದಿ ಅಳಿಯಂದಿರಿದ್ದರೆಂದೂ, ಅವರು ಒಟ್ಟಾಗಿ ಕುಳಿತಾಗ ಯಾರ ಆಸನ ಮೇಲು, ಯಾರದು ಕೀಳು ಎಂಬ ಮಾತು ಹುಟ್ಟದಿರಲೆಂದು ಒಬ್ಬೊಬ್ಬನಿಗೂ ಒಂದೊಂದು ಮುಖವಿರುವಂತೆ ಅದನ್ನು ಕಟ್ಟಿಸಿದನೆಂದೂ ಜನ ಹೇಳುತ್ತಾರೆ. ಇದು ಚರಿತ್ರೆಯೋ ಐತಿಹ್ಯವೋ ಎಂಬ ಚರ್ಚೆ ಇಲ್ಲಿ ಅಪ್ರಸ್ತುತ. ಕಥೆಯೊಳಗಿನ ವ್ಯವಸ್ಥೆಯ ವಿವೇಕವೇ ನನಗೆ ಮುಖ್ಯ. ಅಲ್ಲಿ ಕುಳ್ಳಿರುವ ಹಕ್ಕು ವ್ಯಕ್ತಿಯ ಹೆಸರಿಗೆ ಸೇರಿದುದಲ್ಲ, ಅಳಿಯನೆಂಬ ಸಂಬಂಧಕ್ಕೆ ಸೇರಿದುದು. ಬಹುಜನರು ಬಳಸುವ ಗಣಕಯಂತ್ರದಲ್ಲಿ ಅಧಿಕಾರವನ್ನು ಹಂಚತಕ್ಕ ಕ್ರಮವೂ ಇದೇ ಆಗಿದ್ದು, ನಮ್ಮ ಶಾಲೆ, ಸಂಘ, ಕಚೇರಿಗಳಲ್ಲಿ ಅದು ಇನ್ನೂ ರೂಢಿಗೆ ಬಾರದಿರುವುದೇ ಈ ಲೇಖನಕ್ಕೆ ಕಾರಣ.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಕೆನ್ ಥಾಂಪ್ಸನ್ ಆರಂಭಿಸಿ, ಡೆನಿಸ್ ರಿಚಿಯವರೊಡಗೂಡಿ ಬೆಳೆಸಿದ ಯೂನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯು, ಬೆಲೆಬಾಳುವ ಒಂದೇ ಯಂತ್ರದ ಮುಂದೆ ಹಲವರು ತಮ್ಮತಮ್ಮ ಕೆಲಸ ಮಾಡಿಕೊಳ್ಳುವ ಅನಿವಾರ್ಯತೆಯಿಂದ ರೂಪುಗೊಂಡಿತು. 1971ರ ಮೊದಲ ಆವೃತ್ತಿಯಲ್ಲಿ ಪ್ರತಿಯೊಂದು ಫೈಲಿಗೆ ಸಂಬಂಧಿಸಿದಂತೆ ಎರಡೇ ಬಗೆಯ ಜನರಿದ್ದರು: ಅದರ ಒಡೆಯ, ಮತ್ತು ಉಳಿದವರೆಲ್ಲ. ಒಟ್ಟಾಗಿ ದುಡಿಯುವವರಿಗೆ ಈ ವಿಭಜನೆ ಸಾಲದಾಯಿತು. ಆದುದರಿಂದ ಕೆಲವೇ ವರ್ಷಗಳಲ್ಲಿ ಇವೆರಡರ ನಡುವೆ ಗುಂಪು ಎಂಬ ಮೂರನೆಯ ವರ್ಗ ಸೇರಿತು. ಇಂದಿಗೂ ಒಡೆಯ, ಗುಂಪು, ಇತರರು ಎಂಬ ಮೂವರಿಗೆ ಓದುವ, ಬರೆಯುವ, ನಡೆಸುವ ಮೂರು ಮೂರು ಅನುಮತಿಗಳು ಸೇರಿ ಒಂಬತ್ತು ಅನುಮತಿಗಳೇ ಈ ವ್ಯವಸ್ಥೆಯ ಬುನಾದಿ. 1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಪ್ರಾರಂಭಿಸಿದ ಲಿನಕ್ಸ್ ಅದನ್ನೇ ಅನುಸರಿಸಿತು.

ಹಲವರಿಗೆ ಒಂದು ಯಂತ್ರವೆಂಬ ಸ್ಥಿತಿ ನಮಗೆ ಅಪರಿಚಿತವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೂ ಸೇರಿ ರೂಪಿಸಿದ ಸಿಂಪ್ಯೂಟರ್ ಲಿನಕ್ಸಿನ ಮೇಲೆಯೇ ನಡೆಯುತ್ತಿತ್ತು. ಹಳ್ಳಿಯ ಹಲವರು ಒಂದೇ ಉಪಕರಣವನ್ನು ಸ್ಮಾರ್ಟ್ ಕಾರ್ಡಿನ ನೆರವಿನಿಂದ ತಮ್ಮದಾಗಿ ಬಳಸಲೆಂಬುದೇ ಅದರ ಹಿಂದಿನ ಆಶಯವಾಗಿತ್ತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು, ಕೇರಳ ಸರ್ಕಾರ ಶಾಲೆಗಳಲ್ಲಿ ಸ್ವತಂತ್ರ ತಂತ್ರಾಂಶವನ್ನು ಅಂಗೀಕರಿಸಿದುದರ ಫಲವಾಗಿ, ಲಿನಕ್ಸಿನಲ್ಲಿಯೇ ಪಾಠ ಕಲಿಯುತ್ತಾರೆ. ಇಷ್ಟಿದ್ದರೂ ಒಂದು ಕಂಪ್ಯೂಟರಿಗೆ ಒಂದೇ ಪಾಸ್‌ವರ್ಡ್ ಇಟ್ಟು, ಅದನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಅಂಟಿಸಿ, ಬಂದವರೆಲ್ಲ ಅದರಿಂದಲೇ ಒಳಹೋಗುವ ಪದ್ಧತಿ ನಮ್ಮಲ್ಲಿ ಎಲ್ಲೆಲ್ಲಿಯೂ ಕಾಣುತ್ತದೆ. ಫೈಲೊಂದು ಅಳಿಸಿಹೋದರೆ ಅಳಿಸಿದವರಾರೆಂದು ಹೇಳಬಲ್ಲವರು ಆಗ ಯಾರೂ ಇರುವುದಿಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಬಿ. ಎಲ್. ರೈಸರು 1894ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಗಳ ಶಾಸನಗಳಿವೆ; ಹೆಡತಲೆಯ ತರುಣರು ಕೆಲವರು ಸುತ್ತಲಿನ ಕಲ್ಲುಗಳ ಛಾಯಾಚಿತ್ರಗಳನ್ನು ತೆಗೆದು, ಆ ಸಂಪುಟದ ಪಾಠದೊಡನೆ ಹೋಲಿಸಿ, ಒಂದೇ ಕಂಪ್ಯೂಟರಿನಲ್ಲಿ ಕೂಡಿಡುತ್ತಿದ್ದಾರೆನ್ನಿ. ಪ್ರತಿಯೊಬ್ಬನಿಗೂ ಸ್ವಂತ ಖಾತೆ ಇರತಕ್ಕದ್ದು. ಅವರೆಲ್ಲರನ್ನು ‘ಶಾಸನ’ ಎಂಬ ಗುಂಪಿಗೆ ಸೇರಿಸತಕ್ಕದ್ದು. ಟರ್ಮಿನಲ್ ಎಂಬ ಕಪ್ಪು ಪರದೆಯನ್ನು ತೆರೆದು ‘ಸುಡೊ ಗ್ರೂಪ್‌ಆ್ಯಡ್ ಶಾಸನ’ ಎಂದು ಬೆರಳಚ್ಚಿಸಿ ಎಂಟರ್ ಒತ್ತಿದರೆ ಗುಂಪು ಹುಟ್ಟುತ್ತದೆ. (ಇಲ್ಲಿ ಕನ್ನಡದಲ್ಲಿ ಬರೆದ ಆಜ್ಞೆಗಳನ್ನು ರೋಮನ್ ಲಿಪಿಯ ಸಣ್ಣಕ್ಷರಗಳಲ್ಲಿ ಒತ್ತಬೇಕು.) ಯಂತ್ರ ಮರುಮಾತಾಡುವುದಿಲ್ಲ, ಕೆಲಸ ಸರಿಯಾದಾಗ ಮೌನವಾಗಿರುವುದು ಯೂನಿಕ್ಸಿನ ಸ್ವಭಾವ. ಆದರೆ ‘ಇಟಿಸಿ’ ಫೋಲ್ಡರಿನ ‘ಗ್ರೂಪ್’ ಎಂಬ ಫೈಲಿನ ಕೊನೆಯಲ್ಲಿ ‘ಶಾಸನ:ಎಕ್ಸ್:1001:’ ಎಂಬಂತಹ ಹೊಸ ಸಾಲೊಂದು ಮೂಡಿರುತ್ತದೆ. ಮೊದಲನೆಯದು ಹೆಸರು, ಎರಡನೆಯದು ಗುಂಪಿನ ಪಾಸ್‌ವರ್ಡಿನ ಸ್ಥಾನ, ಇದರ ಬಳಕೆ ಈಗ ವಿರಳ, ಮೂರನೆಯದು ಯಂತ್ರ ನಿಜವಾಗಿ ಗುರುತಿಸುವ ಸಂಖ್ಯೆ, ಕೊನೆಯ ಬರಿದಾದ ಜಾಗದಲ್ಲಿ ಸದಸ್ಯರ ಹೆಸರುಗಳು ಬರಬೇಕು. ಸಾಮಾನ್ಯವಾಗಿ 1000ಕ್ಕಿಂತ ಕೆಳಗಿನ ಸಂಖ್ಯೆಗಳು ವ್ಯವಸ್ಥೆಯ ಸ್ವಂತ ಗುಂಪುಗಳಿಗೆ ಮೀಸಲು.

ಸದಸ್ಯರನ್ನು ಸೇರಿಸುವ ಹಂತದಲ್ಲಿ ಅತ್ಯಂತ ಜಾಗರೂಕತೆ ಬೇಕು. ‘ಸುಡೊ ಯೂಸರ್‌ಮಾಡ್’ ಎಂದು ಬರೆದು, ಅಡ್ಡಗೆರೆಯೊಡನೆ ಸಣ್ಣ ಎ, ದೊಡ್ಡ ಜಿ ಅಕ್ಷರಗಳನ್ನು ಜೊತೆಯಾಗಿ ಒತ್ತಿ, ಗುಂಪಿನ ಹೆಸರನ್ನೂ ಬಳಕೆದಾರನ ಹೆಸರನ್ನೂ ಕ್ರಮವಾಗಿ ಕೊಡುವುದು ವಿಧಿ. ದೊಡ್ಡ ಜಿ ಮಾತ್ರ ಇದ್ದು ಸಣ್ಣ ಎ ಬಿಟ್ಟುಹೋದರೆ, ಆ ವ್ಯಕ್ತಿ ಅದುವರೆಗೆ ಸೇರಿದ್ದ ಇತರ ಉಪಗುಂಪುಗಳಿಂದೆಲ್ಲ ಹೊರಬಿದ್ದು, ಈ ಒಂದರಲ್ಲಿ ಮಾತ್ರ ಉಳಿಯುತ್ತಾನೆ. ಉಬುಂಟುವಿನಂತಹ ವ್ಯವಸ್ಥೆಯಲ್ಲಿ ಆಡಳಿತದ ಅಧಿಕಾರವೂ ‘ಸುಡೊ’ ಎಂಬ ಗುಂಪಿನ ಸದಸ್ಯತ್ವದಿಂದಲೇ ಬರುವುದರಿಂದ, ಯಂತ್ರದ ಏಕೈಕ ಆಡಳಿತಗಾರನು ತನ್ನ ಖಾತೆಯ ಮೇಲೆಯೇ ಹೀಗೆ ಆಜ್ಞೆ ಕೊಟ್ಟರೆ, ಒಂದೇ ಅಕ್ಷರದ ಲೋಪದಿಂದ ತನ್ನ ಅಧಿಕಾರವನ್ನು ತಾನೇ ಕಳೆದುಕೊಂಡಾನು. ಸೇರಿಸಿದ ಮೇಲೆ ಆ ಸದಸ್ಯನು ಒಮ್ಮೆ ಹೊರಹೋಗಿ ಮತ್ತೆ ಲಾಗಿನ್ ಆಗಬೇಕು; ಸದಸ್ಯತ್ವವನ್ನು ಯಂತ್ರ ಪರಿಶೀಲಿಸುವುದು ಒಳಬರುವ ಹೊತ್ತಿನಲ್ಲಿ ಮಾತ್ರ. ಆಮೇಲೆ ‘ಐಡಿ’ ಎಂದು ಒತ್ತಿದರೆ ತಾನು ಸೇರಿರುವ ಗುಂಪುಗಳೆಲ್ಲ ಅವನಿಗೆ ಕಾಣುತ್ತವೆ.

ಗುಂಪು ಕಟ್ಟಿದ ಮಾತ್ರಕ್ಕೆ ಯಾರಿಗೂ ಏನೂ ದೊರೆತಂತಾಗಲಿಲ್ಲ. ಛಾಯಾಚಿತ್ರಗಳಿರುವ ಫೋಲ್ಡರನ್ನು ‘ಸಿಎಚ್‌ಜಿಆರ್‌ಪಿ’ ಆಜ್ಞೆಯಿಂದ ಗುಂಪಿಗೆ ಒಪ್ಪಿಸಿ, ‘ಸಿಎಚ್‌ಮಾಡ್ 2770’ ಎಂಬ ಆಜ್ಞೆಯಿಂದ ಅನುಮತಿಗಳನ್ನು ನಿಗದಿಮಾಡಬೇಕು. ಎರಡು ಏಳುಗಳು ಒಡೆಯನಿಗೂ ಗುಂಪಿಗೂ ಪೂರ್ಣಾಧಿಕಾರವನ್ನು ಕೊಡುತ್ತವೆ. ಸೊನ್ನೆ ಇತರರನ್ನು ಹೊರಗಿಡುತ್ತದೆ. ಮೊದಲಿನ 2 ಎಂಬ ಅಂಕಿಯ ಮಹತ್ತ್ವವನ್ನು ಅನೇಕರು ಗಮನಿಸುವುದಿಲ್ಲ: ಮುಂದೆ ಆ ಫೋಲ್ಡರಿನಲ್ಲಿ ಯಾರು ಯಾವ ಹೊಸ ಫೈಲನ್ನು ಸೃಷ್ಟಿಸಿದರೂ ಅದು ಅವರ ಸ್ವಂತ ಗುಂಪಿಗೆ ಹೋಗದೆ ‘ಶಾಸನ’ ಗುಂಪಿಗೇ ಸೇರುವಂತೆ ಮಾಡುವುದು ಆ ಒಂದು ಅಂಕಿ. ಜೊತೆಗೆ, ಹೊಸ ಫೈಲಿಗೆ ಯಾವ ಅನುಮತಿಗಳು ಇರಬಾರದೆಂದು ಹೇಳುವ ‘ಯುಮಾಸ್ಕ್’ ಎಂಬ ಬೆಲೆ ಪ್ರತಿಯೊಬ್ಬರಿಗೂ 002 ಇದ್ದರೆ ಒಬ್ಬನು ಬರೆದುದನ್ನು ಇನ್ನೊಬ್ಬನು ತಿದ್ದಬಹುದು. 022 ಇದ್ದರೆ ಓದಬಹುದಷ್ಟೆ.

ಫ್ರೀಬಿಎಸ್‌ಡಿಯಲ್ಲಿ ಇದೇ ಕೆಲಸಕ್ಕೆ ‘ಪಿಡಬ್ಲ್ಯು ಗ್ರೂಪ್‌ಆ್ಯಡ್’ ಎಂಬ ಆಜ್ಞೆಯೂ, ಆ್ಯಪಲ್ ಯಂತ್ರಗಳಲ್ಲಿ ಬೇರೆಯದೂ ಉಂಟು, ತತ್ತ್ವ ಒಂದೇ. ಒಬ್ಬನು ಊರು ಬಿಟ್ಟು ಹೋದರೆ ‘ಜಿಪಾಸ್‌ವರ್ಡ್’ ಎಂದು ಓದುವ, ಜಿಪಿಎಎಸ್‌ಎಸ್‌ಡಬ್ಲ್ಯುಡಿ ಎಂದು ಒತ್ತುವ ಆಜ್ಞೆಗೆ ಅಡ್ಡಗೆರೆಯ ಡಿ ಸೇರಿಸಿ ಅವನ ಹೆಸರೊಂದನ್ನೇ ತೆಗೆಯಬಹುದು. ಉಳಿದವರಿಗೆ ಏನೂ ಬದಲಾಗದು, ಪಾಸ್‌ವರ್ಡನ್ನು ಊರಿಗೆಲ್ಲ ಹೊಸದಾಗಿ ಹಂಚುವ ಪ್ರಮೇಯವೇ ಬಾರದು.

ನಿಮ್ಮ ಶಾಲೆಯಲ್ಲೋ ಸಂಘದಲ್ಲೋ ಲಿನಕ್ಸ್ ಯಂತ್ರವೊಂದಿದ್ದರೆ ದಯಮಾಡಿ ಮೇಜಿನ ಮೇಲಿನ ಆ ಚೀಟಿಯನ್ನು ಕಿತ್ತುಹಾಕಿ, ಪ್ರತಿಯೊಬ್ಬರಿಗೂ ಖಾತೆ ತೆರೆದು, ಕೆಲಸಕ್ಕೊಂದು ಗುಂಪು ಕಟ್ಟಿರಿ. ‘ಗ್ರೂಪ್‌ಡೆಲ್’ ಆಜ್ಞೆಯಿಂದ ಗುಂಪನ್ನು ಅಳಿಸುವ ಮುನ್ನ ಮಾತ್ರ ಅದರ ಫೈಲುಗಳನ್ನು ಬೇರೊಂದು ಗುಂಪಿಗೆ ಒಪ್ಪಿಸಿರಿ: ಹೆಸರು ಅಳಿದರೂ ಸಂಖ್ಯೆ ಆ ಫೈಲುಗಳಲ್ಲಿ ಉಳಿದಿರುತ್ತದೆ, ಮತ್ತು ಅದೇ ಸಂಖ್ಯೆಯನ್ನು ಪಡೆದ ಮುಂದಿನ ಗುಂಪಿಗೆ ಅವು ಕೇಳದೆಯೇ ದಕ್ಕುತ್ತವೆ.