ತಂತ್ರಾಂಶ ಬಂತು, ಕಚೇರಿ ಬದಲಾಯಿತೇ?

ದಾದರ್ ಪಶ್ಚಿಮದ ಪ್ಲಾಜಾ ಚಿತ್ರಮಂದಿರದ ಹಿಂದೆ ಮುಂಬೈ ಮಹಾನಗರಪಾಲಿಕೆಯ ಜಿ-ನಾರ್ತ್ ವಾರ್ಡ್ ಕಚೇರಿ ಇದೆ. ದಾದರ್, ಮಾಹಿಮ್, ಧಾರಾವಿ ಮೂರೂ ಇದರ ವ್ಯಾಪ್ತಿಯಲ್ಲಿವೆ. ಶಿವಾಜಿ ಪಾರ್ಕಿನ ಹಳೆಯ ಕಟ್ಟಡಗಳ ಆಸ್ತಿ ತೆರಿಗೆ, ಧಾರಾವಿಯ ಗಟಾರ ದುರಸ್ತಿಯ ಟೆಂಡರು, ನೀರಿನ ಬಿಲ್ಲು, ಅಂಗಡಿಗಳ ಪರವಾನಗಿ, ಸಿಬ್ಬಂದಿಯ ಪಗಾರ ಎಲ್ಲದಕ್ಕೂ ಬೇರೆ ಬೇರೆ ವಿಭಾಗ, ಬೇರೆ ಬೇರೆ ಕಡತ. ಇವನ್ನೆಲ್ಲ ಒಂದೇ ವ್ಯವಸ್ಥೆಗೆ ತರಲು ಪಾಲಿಕೆ 2007ರ ಹೊತ್ತಿಗೆ ಸ್ಯಾಪ್ ಎಂಬ ಇಆರ್‌ಪಿ ತಂತ್ರಾಂಶವನ್ನು ಅಳವಡಿಸಿಕೊಂಡಿತು. ಒಮ್ಮೆ ದಾಖಲಾದ ಅಂಕಿ ಲೆಕ್ಕಪತ್ರ, ಖರೀದಿ, ಸಿಬ್ಬಂದಿ ಎಲ್ಲ ವಿಭಾಗಗಳಿಗೂ ಒಂದೇ ಆಗಿ ಸಿಗಬೇಕು ಎಂಬುದು ಇಆರ್‌ಪಿಯ ತಿರುಳು.

ಇಷ್ಟು ದೊಡ್ಡ ಊರಿಗೆ ಅದು ಬೇಕಾದ ಹೆಜ್ಜೆಯೇ. ಆದರೆ ಮುಂದಿನ ವರ್ಷಗಳು ಕಲಿಸಿದ ಪಾಠ ಸಣ್ಣದಲ್ಲ. 2014ರಲ್ಲಿ ಪಾಲಿಕೆಯ ಇ-ಟೆಂಡರ್ ಹಗರಣ ಬಯಲಾಯಿತು. ಬಿಡ್ ಸಲ್ಲಿಸುವ ಅವಕಾಶವನ್ನು ಅತಿ ಕಡಿಮೆ ಹೊತ್ತು ತೆರೆದಿಟ್ಟು, ಬೇಕಾದವರಿಗಷ್ಟೇ ಕೆಲಸ ಸಿಗುವಂತೆ ಮಾಡಿದ ಆರೋಪದಲ್ಲಿ ಎಂಜಿನಿಯರುಗಳು ಅಮಾನತಾದರು. ವ್ಯವಸ್ಥೆ ಆನ್‌ಲೈನ್ ಆಗಿದ್ದರೂ ಅದರ ಕೀಲಿ ಯಾರ ಕೈಯಲ್ಲಿದೆ, ಆ ಕೈಯನ್ನು ಯಾರು ಗಮನಿಸುತ್ತಾರೆ ಎಂಬ ಪ್ರಶ್ನೆ ಹಾಗೇ ಉಳಿದಿತ್ತು.

2018ರಲ್ಲಿ ಬಯೋಮೆಟ್ರಿಕ್ ಹಾಜರಿಯನ್ನು ಪಗಾರದ ಲೆಕ್ಕಕ್ಕೆ ಜೋಡಿಸಿದಾಗ ನೌಕರರ ಸಂಬಳ ಕಡಿತವಾಗಿ, ಸಂಘಟನೆಗಳು ಪ್ರತಿಭಟನೆಗೆ ಇಳಿದವು. ಇಂಥಲ್ಲಿ ತೊಡಕು ಹುಟ್ಟುವ ಬಗೆ ಸರಳ. ಯಂತ್ರಕ್ಕೆ ಗೊತ್ತಿರುವುದು ದಾಖಲಾದದ್ದು ಮಾತ್ರ. ಮೇಲಧಿಕಾರಿ ಬಾಯಿಮಾತಿನಲ್ಲಿ ಕೊಟ್ಟ ರಜೆ, ಕಾಗದದ ಮೇಲೆ ಉಳಿದ ಪಾಳಿ ಬದಲಾವಣೆ, ಹೊರಗಿನ ಕೆಲಸಕ್ಕೆ ಹೋದ ದಿನ ಎಲ್ಲವೂ ಅದರ ಲೆಕ್ಕದಲ್ಲಿ ಗೈರುಹಾಜರಿಯೇ. ಹೊಸ ಪದ್ಧತಿಯ ಮೊದಲ ತಿಂಗಳಲ್ಲೇ ದುಡಿದವನ ಪಗಾರ ಕೈತಪ್ಪಿದರೆ ಅವನು ಆ ಪದ್ಧತಿಯನ್ನು ನಂಬುವುದಾದರೂ ಹೇಗೆ?

ಗೆದ್ದ ಉದಾಹರಣೆಗೆ ಕರ್ನಾಟಕದ 'ಭೂಮಿ' ಯೋಜನೆಯನ್ನು ನೋಡಬೇಕು. ಅದು ಇಆರ್‌ಪಿ ಅಲ್ಲ, ಆದರೆ ಸವಾಲು ಅದೇ. ಜಮೀನಿನ ದಾಖಲೆಗಳಾದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅದರ ಹೊಣೆ ಹೊತ್ತು ಬೆನ್ನುಬಿಡದೆ ನಿಂತರು. ಕಂಪ್ಯೂಟರಿಗೆ ಏರಿಸಿದ ಮಾಹಿತಿಯನ್ನು ಗ್ರಾಮ ಲೆಕ್ಕಿಗರೇ ಮೂಲ ದಾಖಲೆಯೊಂದಿಗೆ ತಾಳೆ ನೋಡಿ ಸಹಿ ಹಾಕಿದರು. ಬೆರಳಚ್ಚು ಕೊಡದೆ ಸಿಬ್ಬಂದಿ ವ್ಯವಸ್ಥೆಯೊಳಗೆ ಹೋಗುವಂತಿರಲಿಲ್ಲ. ಖಾತೆ ಬದಲಾವಣೆಯ ಅರ್ಜಿಗಳಿಗೆ ಬಂದ ಸರದಿಯಂತೆಯೇ ವಿಲೇವಾರಿ. ಕೊನೆಗೆ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸರ್ಕಾರ ಸಾರಿತು. ಹಳೆಯ ದಾರಿ ಮುಚ್ಚಿದ್ದರಿಂದ ಹೊಸ ದಾರಿಯಲ್ಲಿ ಎಲ್ಲರೂ ನಡೆದರು.

ಅವಸರದ ಬೆಲೆಯನ್ನು ಅಮೆರಿಕದ ಚಾಕೊಲೇಟ್ ಕಂಪನಿ ಹರ್ಷೀಸ್ 1999ರಲ್ಲಿ ತೆತ್ತಿತು. ನಾಲ್ಕು ವರ್ಷ ಬೇಡುತ್ತಿದ್ದ ಇಆರ್‌ಪಿ ಅಳವಡಿಕೆಯ ಕೆಲಸವನ್ನು 30 ತಿಂಗಳಿಗೆ ಇಳಿಸಿ, ಸುಮಾರು 11 ಕೋಟಿ ಡಾಲರ್ ಸುರಿದು, ಹ್ಯಾಲೋವೀನ್ ಹಬ್ಬದ ಬೇಡಿಕೆ ಏರುವ ಹೊತ್ತಿಗೇ ಹೊಸ ವ್ಯವಸ್ಥೆಗೆ ದಾಟಿತು. ಗೋದಾಮಿನಲ್ಲಿ ಸರಕಿದ್ದರೂ ಅಂಗಡಿಗಳಿಗೆ ತಲುಪಲಿಲ್ಲ. ದಾದರಿನ ರಾನಡೆ ರಸ್ತೆಯ ಯಾವ ಸೀರೆ ವ್ಯಾಪಾರಿಯೂ ದೀಪಾವಳಿಯ ಹಿಂದಿನ ವಾರ ಅಂಗಡಿಯ ಕಪಾಟು ಕಿತ್ತು ಹೊಸದು ಕೂರಿಸುವುದಿಲ್ಲ.

ಹೋಟೆಲು, ಸಹಕಾರಿ ಸಂಘ, ಸಣ್ಣ ಕಾರ್ಖಾನೆ ನಡೆಸುವ ಮುಂಬೈ ಕನ್ನಡಿಗರ ಬಾಗಿಲಿಗೂ ಈಗ ಇಂಥ ತಂತ್ರಾಂಶ ಮಾರುವವರು ಬರುತ್ತಿದ್ದಾರೆ. ಕೊಳ್ಳಿ, ಆದರೆ ಸಹಿ ಹಾಕುವ ಮುನ್ನ ಸ್ಟೋರ್ ನೋಡಿಕೊಳ್ಳುವವನನ್ನೂ ಲೆಕ್ಕ ಬರೆಯುವವಳನ್ನೂ ಕೂರಿಸಿಕೊಂಡು ಅವರ ಕೆಲಸ ನಿಜವಾಗಿ ಹೇಗೆ ನಡೆಯುತ್ತದೆಂದು ಕೇಳಿ. ದಾಸ್ತಾನನ್ನು ಎಣಿಸಿ, ಹಳೆಯ ಲೆಕ್ಕದ ತಪ್ಪುಗಳನ್ನು ಮೊದಲೇ ತಿದ್ದಿ. ತರಬೇತಿಗೆ ಹಣವನ್ನೂ ಸಮಯವನ್ನೂ ಬೇರೆಯಾಗಿ ತೆಗೆದಿಡಿ. ವ್ಯಾಪಾರ ತಣ್ಣಗಿರುವ ತಿಂಗಳಲ್ಲಿ ಒಂದೇ ವಿಭಾಗದಿಂದ ಶುರುಮಾಡಿ, ಅದು ಸರಿಹೋದ ಮೇಲೆ ಮುಂದಿನದಕ್ಕೆ ಕೈಹಾಕಿ. ಎಲ್ಲಕ್ಕಿಂತ ಮುಖ್ಯವಾಗಿ, ಮಾಲೀಕರು ಇದನ್ನು ಕಂಪ್ಯೂಟರ್ ಹುಡುಗನ ಪಾಲಿಗೆ ಬಿಟ್ಟು ಕೈತೊಳೆದುಕೊಳ್ಳಬಾರದು. ದಿನವೂ ಅದನ್ನು ಬಳಸುವವರ ಒಪ್ಪಿಗೆ ಇಲ್ಲದೆ ಯಾವ ಇಆರ್‌ಪಿಯೂ ಗೆಲ್ಲುವುದಿಲ್ಲ.